ಸುಳ್ಳು ಪ್ರಮಾಣಕ್ಕೆ ಒಲ್ಲೆನೆಂದ ಸಂತ

ನಿಮ್ಮ ಬಾಳಿನಲ್ಲಿ ಇಂಥ ಗಳಿಗೆ ಎಂದಾದರೂ ಬಂದಿದೆಯೇ? ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಎಲ್ಲ ತೊಂದರೆಯೂ ಮುಗಿಯುತ್ತದೆ. ಆದರೆ ಆ ಕಾಗದದಲ್ಲಿ ಬರೆದಿರುವುದು ನಿಜವಲ್ಲವೆಂದು ನಿಮಗೆ ಗೊತ್ತು. ಮೇಲಿನವರು ಒತ್ತಾಯಿಸುತ್ತಾರೆ. ಜೊತೆಯವರೆಲ್ಲ ಆಗಲೇ ಸಹಿ ಮಾಡಿ ಮುಗಿಸಿದ್ದಾರೆ. ಮನೆಗೆ ಬಂದರೆ ಹೆಂಡತಿ ಮಕ್ಕಳೂ ಅದೇ ಮಾತು ಹೇಳುತ್ತಾರೆ. ಊರಿಗಿಲ್ಲದ ಸತ್ಯ ನಿಮಗೊಬ್ಬರಿಗೇಕೆ, ನಮ್ಮ ಮುಖ ನೋಡಿಯಾದರೂ ಸಹಿ ಹಾಕಿಬಿಡಿ ಎಂದು ಬೇಡುತ್ತಾರೆ. ಹೊರಗಿನವರ ಬೆದರಿಕೆಯನ್ನು ಹೇಗೋ ತಾಳಿಕೊಳ್ಳಬಹುದು. ಮನೆಯವರ ಕಣ್ಣೀರನ್ನು ತಾಳಿಕೊಳ್ಳುವುದು ಹೇಗೆ?

ಸುಮಾರು ಐದು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಸಂಸಾರಸ್ಥರಿಗೆ ಇದೇ ಪರೀಕ್ಷೆ ಎದುರಾಯಿತು. ಅವರು ಗುರುಗಳಲ್ಲ, ಮಠವಾಸಿಯೂ ಅಲ್ಲ. ಹೆಂಡತಿ, ನಾಲ್ವರು ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ತುಂಬಿದ್ದ ಮನೆಯ ಯಜಮಾನರು. ಓದಿನಿಂದ ವಕೀಲರು, ಹುದ್ದೆಯಿಂದ ಅರಸನ ನಂತರದ ಸ್ಥಾನದಲ್ಲಿದ್ದ ಮಹಾಮಂತ್ರಿಗಳು. ಪ್ರತಿವರ್ಷ ಜೂನ್ 22ರಂದು ಧರ್ಮಸಭೆ ಸ್ಮರಿಸುವ ಸಂತ ಥಾಮಸ್ ಮೋರ್ ಅವರ ಕಥೆ ಇದು.

ಮಠದ ಬಾಗಿಲಿನಿಂದ ಮನೆಯ ಬಾಗಿಲಿಗೆ

ಥಾಮಸ್ ಮೋರ್ 1478ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಾಲಕ ಥಾಮಸ್ ಕೆಲಕಾಲ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಜಾನ್ ಮಾರ್ಟನ್ ಅವರ ಮನೆಯಲ್ಲಿ ಪರಿಚಾರಕನಾಗಿ ಬೆಳೆದನು. ಹುಡುಗನ ಬುದ್ಧಿಯನ್ನು ಮೆಚ್ಚಿದ ಮಾರ್ಟನ್ ಅವರೇ ಅವನನ್ನು ಆಕ್ಸ್‌ಫರ್ಡಿಗೆ ಓದಲು ಕಳುಹಿಸಿದರು. ಮಗ ತನ್ನಂತೆಯೇ ವಕೀಲನಾಗಬೇಕೆಂಬುದು ತಂದೆಯ ಆಸೆ. ಆದ್ದರಿಂದ ಎರಡು ವರ್ಷದ ನಂತರ ಅವರು ಲಂಡನ್ನಿಗೆ ಮರಳಿ ಕಾನೂನು ಕಲಿತರು.

ಯೌವನದಲ್ಲಿ ಅವರ ಮನಸ್ಸು ಎರಡು ದಾರಿಗಳ ನಡುವೆ ನಿಂತಿತ್ತು. ಲಂಡನ್ನಿನ ಕಾರ್ಥೂಸಿಯನ್ ಮಠದ ಸನ್ಯಾಸಿಗಳೊಡನೆ ಸುಮಾರು ನಾಲ್ಕು ವರ್ಷ ಪ್ರಾರ್ಥನೆ, ಉಪವಾಸಗಳಲ್ಲಿ ಪಾಲುಗೊಂಡರು. ಕೊನೆಗೆ ತಮಗೆ ದೇವರು ಕೊಟ್ಟಿರುವ ಕರೆ ಸಂಸಾರದ್ದೆಂದು ಕಂಡುಕೊಂಡು 1505ರಲ್ಲಿ ಜೇನ್ ಕೋಲ್ಟ್ ಎಂಬಾಕೆಯನ್ನು ವಿವಾಹವಾದರು. ಆದರೆ ಮಠದಲ್ಲಿ ಕಲಿತದ್ದನ್ನು ಅವರು ಮರೆಯಲಿಲ್ಲ. ಅರಸನ ಆಸ್ಥಾನದ ಬೆಲೆಬಾಳುವ ಉಡುಪಿನ ಒಳಗೆ, ಮೈಗೆ ಚುಚ್ಚುವ ಒರಟು ರೋಮದ ಅಂಗಿಯನ್ನು ತಪಸ್ಸಿಗಾಗಿ ಧರಿಸುತ್ತಿದ್ದರು. ಹಿರಿಯ ಮಗಳು ಮಾರ್ಗರೆಟ್ ಒಬ್ಬಳಿಗೆ ಆ ಗುಟ್ಟು ಗೊತ್ತಿತ್ತು. ಅದನ್ನು ಒಗೆದು ಕೊಡುತ್ತಿದ್ದವಳು ಅವಳೇ.

ಜೇನ್ ನಾಲ್ಕು ಮಕ್ಕಳನ್ನು ಹೆತ್ತು 1511ರಲ್ಲಿ ತೀರಿಕೊಂಡರು. ಎಳೆಯ ಮಕ್ಕಳಿಗೆ ತಾಯಿ ಬೇಕೆಂದು ಮೋರ್ ಅವರು ಬಹುಬೇಗನೆ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಆಲಿಸ್ ನೇರ ಮಾತಿನ, ಮನೆವಾರ್ತೆಯಲ್ಲಿ ನುರಿತ ಹೆಂಗಸು. ಹೆಣ್ಣುಮಕ್ಕಳಿಗೆ ಓದು ಏಕೆಂದು ಜನ ಕೇಳುತ್ತಿದ್ದ ಆ ಕಾಲದಲ್ಲಿ, ಮೋರ್ ಅವರು ತಮ್ಮ ಮೂವರು ಹೆಣ್ಣುಮಕ್ಕಳಿಗೂ ಮಗನಿಗೆ ಸಮನಾಗಿ ಲತೀನ್, ಗ್ರೀಕ್ ಭಾಷೆಗಳನ್ನು ಕಲಿಸಿದರು. ಮಹಾವಿದ್ವಾಂಸ ಎರಾಸ್ಮಸ್ ಪ್ರಭುವಿನ ಪ್ರಾರ್ಥನೆಯ ಮೇಲೆ ಬರೆದ ಪುಸ್ತಕವನ್ನು ಮಾರ್ಗರೆಟ್ ಇಂಗ್ಲಿಷಿಗೆ ಅನುವಾದಿಸಿದಳು. ಥೇಮ್ಸ್ ನದಿಯ ದಡದ ಚೆಲ್ಸಿಯಲ್ಲಿದ್ದ ಅವರ ಮನೆಯಲ್ಲಿ ಪುಸ್ತಕಗಳಿದ್ದವು, ಸಂಗೀತವಿತ್ತು, ನಗುವಿತ್ತು. ರಾತ್ರಿ ಮನೆಯವರು, ಆಳುಕಾಳುಗಳು ಎಲ್ಲರೂ ಒಟ್ಟಾಗಿ ಪ್ರಾರ್ಥನೆಗೆ ಕೂಡುತ್ತಿದ್ದರು. ಈ ಮನೆಯ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅವರು ಕಳೆದುಕೊಳ್ಳಲು ಒಪ್ಪಿದ್ದು ಇದನ್ನೇ.

ಅಧಿಕಾರದಲ್ಲಿ ಶುದ್ಧಹಸ್ತ

1529ರಲ್ಲಿ ಅರಸ ಎಂಟನೆಯ ಹೆನ್ರಿ ಮೋರ್ ಅವರನ್ನು ಮಹಾಮಂತ್ರಿಯನ್ನಾಗಿ ನೇಮಿಸಿದನು. ಆ ಹುದ್ದೆಯಲ್ಲಿ ರಾಜ್ಯದ ಮುದ್ರೆಯ ಜೊತೆಗೆ ದೊಡ್ಡ ನ್ಯಾಯಾಲಯದ ಹೊಣೆಯೂ ಇತ್ತು. ಅಳಿಯ ವಿಲಿಯಂ ರೋಪರ್ ಬರೆದಿಟ್ಟ ಜೀವನಚರಿತ್ರೆಯಲ್ಲಿ ಆ ದಿನಗಳ ಕೆಲವು ಸಂಗತಿಗಳಿವೆ. ತಮ್ಮ ನ್ಯಾಯಪೀಠಕ್ಕೆ ಹೋಗುವ ದಾರಿಯಲ್ಲಿ, ಇನ್ನೊಂದು ಪೀಠದಲ್ಲಿ ವೃದ್ಧ ತಂದೆ ಕುಳಿತಿದ್ದರೆ, ದೇಶದ ಮಹಾಮಂತ್ರಿಯಾದ ಮಗ ಎಲ್ಲರೆದುರು ಮೊಣಕಾಲೂರಿ ಅವರ ಆಶೀರ್ವಾದ ಬೇಡುತ್ತಿದ್ದರು. ತೀರ್ಪು ತನ್ನ ಕಡೆಗಾದ ಸಂತೋಷಕ್ಕೆ ಒಬ್ಬ ವಿಧವೆ ಹೊಸವರ್ಷದ ಕಾಣಿಕೆಯಾಗಿ ಕೈಗವಸಿನಲ್ಲಿ ಚಿನ್ನದ ನಾಣ್ಯ ತುಂಬಿ ತಂದಾಗ, ಆಕೆಯ ಮನಸ್ಸು ನೋಯದಂತೆ ಕೈಗವಸನ್ನಿಟ್ಟುಕೊಂಡು ನಾಣ್ಯಗಳನ್ನು ಮರಳಿಸಿದರು. ಸ್ವಂತ ಅಳಿಯನೊಬ್ಬ ಮಾವನ ಬಲವನ್ನು ನಂಬಿ ವ್ಯಾಜ್ಯ ತಂದಾಗ ಅವನ ವಿರುದ್ಧವೇ ತೀರ್ಪು ಕೊಟ್ಟರು.

ಸಂತರ ಜೀವನದ ನೆರಳನ್ನೂ ಮರೆಮಾಚಬಾರದು. ಧರ್ಮಸಭೆಯ ಬೋಧನೆಯನ್ನು ವಿರೋಧಿಸಿದವರನ್ನು ಆ ಕಾಲದ ಕಾನೂನು ಸುಡುವ ಶಿಕ್ಷೆಗೆ ಗುರಿಮಾಡುತ್ತಿತ್ತು. ಮೋರ್ ಅವರು ಆ ಕಾನೂನನ್ನು ಬೆಂಬಲಿಸಿದರು; ಅವರು ಮಹಾಮಂತ್ರಿಯಾಗಿದ್ದಾಗ ಕೆಲವರು ಹಾಗೆ ಸತ್ತರು. ಈ ವಿಷಯದಲ್ಲಿ ಅವರು ತಮ್ಮ ಕಾಲದ ಮಿತಿಗಳನ್ನು ಮೀರಲಿಲ್ಲವೆಂದು 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರೇ ಒಪ್ಪಿ ಬರೆದಿದ್ದಾರೆ. ಅಂತಃಸಾಕ್ಷಿಯ ಬೆಲೆ ಏನೆಂಬುದು ಮೋರ್ ಅವರಿಗೆ ಪೂರ್ಣವಾಗಿ ತಿಳಿದದ್ದು ಬಹುಶಃ ತಮ್ಮದೇ ಸರದಿ ಬಂದಾಗ.

ಅರಸನ ಮದುವೆ

ಹೆನ್ರಿ 1509ರಲ್ಲಿ ತನ್ನ ಅಣ್ಣನ ವಿಧವೆ ಕ್ಯಾಥರಿನ್‌ಳನ್ನು, ಪೋಪ್ ಜಗದ್ಗುರುಗಳ ವಿಶೇಷ ಅನುಮತಿ ಪಡೆದು ಮದುವೆಯಾಗಿದ್ದನು. ಅವರಿಗೆ ಉಳಿದದ್ದು ಮೇರಿ ಎಂಬ ಒಬ್ಬಳೇ ಮಗಳು. ಗಂಡುಸಂತಾನ ಬೇಕೆಂಬ ಹಂಬಲದಿಂದಲೂ ಆನ್ ಬೊಲಿನ್ ಎಂಬಾಕೆಯ ಮೇಲಿನ ಮೋಹದಿಂದಲೂ ಆ ಮದುವೆ ಸಿಂಧುವೇ ಅಲ್ಲವೆಂದು ಸಾರಬೇಕೆಂದು ಅರಸ ಹಟ ಹಿಡಿದನು. ರೋಮಿನಿಂದ ಒಪ್ಪಿಗೆ ಸಿಗಲಿಲ್ಲ. ಆಗ ಇಂಗ್ಲೆಂಡಿನ ಧರ್ಮಸಭೆಯನ್ನೇ ತನ್ನ ಕೈಯಡಿ ತಂದುಕೊಳ್ಳಲು ಹೊರಟನು. 1532ರ ಮೇ 15ರಂದು ಅಲ್ಲಿನ ಗುರುವರ್ಗ ಅರಸನಿಗೆ ಶರಣಾಯಿತು. ಮರುದಿನವೇ ಮೋರ್ ಅವರು ರಾಜ್ಯಮುದ್ರೆಯನ್ನು ಹಿಂದಿರುಗಿಸಿ ಮನೆಗೆ ಬಂದರು.

ವರಮಾನ ಒಮ್ಮೆಲೇ ಕುಸಿಯಿತು. ಸೇವಕರಿಗೆ ಬೇರೆ ಕಡೆ ಕೆಲಸ ಹುಡುಕಿಕೊಟ್ಟು, ಮಕ್ಕಳನ್ನೆಲ್ಲ ಕೂರಿಸಿಕೊಂಡು ಇನ್ನುಮುಂದೆ ಖರ್ಚನ್ನು ಹೇಗೆ ಇಳಿಸಬೇಕೆಂದು ಲೆಕ್ಕ ಹೇಳಿದರು. ಚಳಿಗಾಲದಲ್ಲಿ ಸೌದೆಗೆ ಹಣ ಸಾಲದೆ, ಮಲಗುವ ಮುಂಚೆ ಒಣಗಿದ ಜರೀಗಿಡದ ಹೊರೆಯನ್ನು ಕೋಣೆಯಲ್ಲಿ ಉರಿಸಿ, ಮನೆಮಂದಿಯೆಲ್ಲ ಮೈ ಕಾಯಿಸಿಕೊಂಡು ಮಲಗುತ್ತಿದ್ದರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ.

1533ರ ಜೂನ್ 1ರಂದು ಆನ್ ಬೊಲಿನ್‌ಳಿಗೆ ರಾಣಿಯ ಕಿರೀಟಧಾರಣೆಯಾಯಿತು. ಸಮಾರಂಭಕ್ಕೆ ಬರಲು ಹೊಸ ನಿಲುವಂಗಿ ಹೊಲಿಸಿಕೊಳ್ಳಲೆಂದು ಸ್ನೇಹಿತರಾದ ಮೂವರು ಧರ್ಮಾಧ್ಯಕ್ಷರು 20 ಪೌಂಡು ಕಳುಹಿಸಿದರು. ಬಡವನಾದ ತನಗೆ ಹಣ ಬೇಕಾಗಿತ್ತೆಂದು ಮೋರ್ ಅವರು ನಗುತ್ತ ಹಣವನ್ನಿಟ್ಟುಕೊಂಡರು, ಸಮಾರಂಭಕ್ಕೆ ಮಾತ್ರ ಹೋಗಲಿಲ್ಲ. ಅರಸ ಅದನ್ನು ಮರೆಯಲಿಲ್ಲ.

ಗೇಟು ಮುಚ್ಚಿದ ಬೆಳಿಗ್ಗೆ

1534ರಲ್ಲಿ ಪಾರ್ಲಿಮೆಂಟು ಹೊಸ ಕಾನೂನು ಮಾಡಿತು. ಆನ್ ಬೊಲಿನ್‌ಳ ಮಕ್ಕಳೇ ಸಿಂಹಾಸನದ ವಾರಸುದಾರರೆಂದು ಪ್ರಜೆಗಳು ಪ್ರಮಾಣ ಮಾಡಬೇಕು. ಆ ಪ್ರಮಾಣದ ಮಾತುಗಳೊಳಗೆ, ಮೊದಲ ಮದುವೆ ಮದುವೆಯೇ ಅಲ್ಲ, ಪೋಪ್ ಜಗದ್ಗುರುಗಳ ಅಧಿಕಾರ ಇಲ್ಲಿ ನಡೆಯದು ಎಂಬ ಅರ್ಥವೂ ಅಡಗಿತ್ತು. ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಬಂದು ಪ್ರಮಾಣ ಮಾಡಬೇಕೆಂದು ಮೋರ್ ಅವರಿಗೆ ಕರೆ ಬಂತು.

ಆ ಬೆಳಿಗ್ಗೆ ಅವರು ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಪಾಲುಗೊಂಡು ಹೊರಟರು. ಎಂದಿನ ದಿನವಾದರೆ ಹೆಂಡತಿ ಮಕ್ಕಳು ನದಿಯ ದಡದವರೆಗೂ ಬಂದು, ಅವರು ದೋಣಿ ಹತ್ತುವ ಮುಂಚೆ ಮುತ್ತಿಟ್ಟು ಬೀಳ್ಕೊಡುತ್ತಿದ್ದರು. ಅಂದು ತೋಟದ ಸಣ್ಣ ಗೇಟನ್ನು ತಾವೇ ಎಳೆದು ಮುಚ್ಚಿ, ಯಾರೂ ಹಿಂದೆ ಬರದಂತೆ ತಡೆದರು. ಅಳಿಯ ರೋಪರ್ ಜೊತೆಗಿದ್ದನು. ಮಕ್ಕಳ ಮುಖವನ್ನು ಇನ್ನೊಮ್ಮೆ ನೋಡಿದರೆ ತಮ್ಮ ನಿರ್ಧಾರ ಕರಗಿಬಿಡಬಹುದೆಂದು ಅವರಿಗೆ ತಿಳಿದಿರಬೇಕು. ದೋಣಿಯಲ್ಲಿ ಬಹಳ ಹೊತ್ತು ಮೌನವಾಗಿದ್ದು, ಆಮೇಲೆ ಹೋರಾಟ ಗೆದ್ದೆನೆಂದು ಅಳಿಯನ ಕಿವಿಯಲ್ಲಿ ಹೇಳಿದರಂತೆ. ಲ್ಯಾಂಬೆತ್ ಇನ್ನೂ ದೂರವಿತ್ತು, ಆದರೆ ಅವರ ಮಟ್ಟಿಗೆ ನಿಜವಾದ ಯುದ್ಧ ಮನೆಯ ಗೇಟಿನ ಬಳಿಯೇ ಮುಗಿದಿತ್ತು.

ಲ್ಯಾಂಬೆತ್‌ನಲ್ಲಿ ಕಾನೂನನ್ನೂ ಪ್ರಮಾಣದ ಮಾತುಗಳನ್ನೂ ಕೈಗೆ ತೆಗೆದುಕೊಂಡು ಒಂದಕ್ಕೊಂದು ಹೋಲಿಸಿ ಓದಿದರು. ಸಿಂಹಾಸನದಲ್ಲಿ ಮುಂದೆ ಯಾರು ಕೂರಬೇಕೆಂಬುದನ್ನು ಪಾರ್ಲಿಮೆಂಟು ತೀರ್ಮಾನಿಸಬಹುದು, ಅಷ್ಟಕ್ಕೆ ಪ್ರಮಾಣ ಮಾಡಲು ಸಿದ್ಧ ಎಂದರು. ಆದರೆ ಬರೆದಿರುವ ಪೂರ್ತಿ ಮಾತುಗಳಿಗೆ ಪ್ರಮಾಣ ಮಾಡಿದರೆ ತಮ್ಮ ಆತ್ಮ ಅಪಾಯಕ್ಕೆ ಬೀಳುವುದೆಂದರು. ಆಗಲೇ ಪ್ರಮಾಣ ಮಾಡಿದ್ದವರ ಉದ್ದನೆಯ ಪಟ್ಟಿಯನ್ನು ಅವರೆದುರು ಹಿಡಿದರು. ಕಿಟಕಿಯಿಂದ ನೋಡಿದರೆ ಕೆಳಗಿನ ತೋಟದಲ್ಲಿ ಪ್ರಮಾಣ ಮುಗಿಸಿದ ಗುರುಗಳು ನಿರಾಳವಾಗಿ ನಗುತ್ತ ಅಡ್ಡಾಡುತ್ತಿದ್ದರು. ಪ್ರಮಾಣ ಮಾಡಿದ ಯಾರನ್ನೂ ತಾನು ದೂಷಿಸುವುದಿಲ್ಲ, ತನ್ನ ಅಂತಃಸಾಕ್ಷಿ ಮಾತ್ರ ಒಪ್ಪುವುದಿಲ್ಲ ಎಂಬುದಷ್ಟೇ ಅವರ ಉತ್ತರ. ನಾಲ್ಕು ದಿನಗಳ ನಂತರ ಅವರನ್ನು ಟವರ್ ಕೋಟೆಯ ಸೆರೆಗೆ ಹಾಕಿದರು. ಇಂಗ್ಲೆಂಡಿನ ಧರ್ಮಾಧ್ಯಕ್ಷರಲ್ಲಿ ಅವರಂತೆ ನಿರಾಕರಿಸಿದವರು ರೋಚೆಸ್ಟರಿನ ಜಾನ್ ಫಿಶರ್ ಒಬ್ಬರೇ.

ಮಗಳ ಕಣ್ಣೀರು, ಮಡದಿಯ ಮಾತು

ಸೆರೆಯಲ್ಲಿ ಮೋರ್ ಅವರು ಕಳೆದದ್ದು ಸುಮಾರು 15 ತಿಂಗಳು. ಅವರ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಅಲ್ಲೇ. ಪರೀಕ್ಷಿಸಿದವಳು ಅವರ ಪ್ರಾಣಕ್ಕಿಂತ ಪ್ರಿಯಳಾದ ಮಗಳು ಮಾರ್ಗರೆಟ್.

ದೇವರ ಕಾನೂನು ಅನುಮತಿಸುವಷ್ಟರ ಮಟ್ಟಿಗೆ ಎಂಬ ಷರತ್ತು ಸೇರಿಸಿ ಮಾರ್ಗರೆಟ್ ತಾನು ಪ್ರಮಾಣ ಮಾಡಿದ್ದಳು. ತಂದೆಯೂ ಹೇಗಾದರೂ ಮಾಡಿ ಮನೆಗೆ ಬರಲಿ ಎಂದು ಅವಳ ಹಂಬಲ. ಸೆರೆಮನೆಯಲ್ಲಿ ಮೊದಲು ಇಬ್ಬರೂ ಮೊಣಕಾಲೂರಿ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದರು, ಆಮೇಲೆ ಅವಳು ತನ್ನ ವಾದ ಹೂಡುತ್ತಿದ್ದಳು. ಇಷ್ಟೊಂದು ಧರ್ಮಾಧ್ಯಕ್ಷರು, ಇಷ್ಟೊಂದು ಪಂಡಿತರು ಪ್ರಮಾಣ ಮಾಡಿರುವಾಗ ಅಪ್ಪ ಒಬ್ಬರೇ ಸರಿಯೆಂದು ಹೇಗೆ ಹೇಳುವುದು? ದೇಶದ ಪಾರ್ಲಿಮೆಂಟೇ ಒಪ್ಪಿದ ಮಾತಲ್ಲವೇ? ಮೋರ್ ಅವರು ನಗುತ್ತ, ಆದಾಮನಿಗೆ ಹಣ್ಣು ಕೊಡಬಂದ ಏವಳು ನೀನು ಎಂದು ಮಗಳನ್ನು ಛೇಡಿಸಿದರು. ಆದರೆ ಉತ್ತರವನ್ನು ಗಂಭೀರವಾಗಿಯೇ ಕೊಟ್ಟರು. ಈ ವಿಷಯವನ್ನು ಅವರು ಅವಸರದಲ್ಲಿ ತೀರ್ಮಾನಿಸಿರಲಿಲ್ಲ, ವರ್ಷಗಟ್ಟಲೆ ಓದಿ, ಪ್ರಾರ್ಥಿಸಿ, ಅಳೆದು ನೋಡಿದ್ದರು. ಒಂದು ದೇಶದ ಪಂಡಿತರು ಒಂದು ಕಡೆಗಿದ್ದರೂ ಕ್ರೈಸ್ತ ಜಗತ್ತಿನ ಉಳಿದ ಭಾಗವೂ ಹಿಂದಿನ ಸಂತರೂ ಇನ್ನೊಂದು ಕಡೆಗಿದ್ದಾರೆಂದು ಅವರಿಗೆ ಕಂಡಿತ್ತು. ಬೇರೆಯವರು ಯಾವ ಕಾರಣಕ್ಕೆ ಪ್ರಮಾಣ ಮಾಡಿದರೆಂಬುದು ದೇವರಿಗೇ ಗೊತ್ತು, ತನ್ನ ಆತ್ಮದ ಲೆಕ್ಕವನ್ನು ತಾನೇ ಒಪ್ಪಿಸಬೇಕು ಎಂಬುದು ಅವರ ನಿಲುವು.

ಅವರು ಕಲ್ಲುಹೃದಯದವರಾಗಿರಲಿಲ್ಲ. ನೋವೆಂದರೆ ತನ್ನ ಮೈ ಬಹಳ ಅಂಜುತ್ತದೆಂದು ಮಗಳಿಗೆ ಬರೆದಿದ್ದಾರೆ. ಸೆರೆಗೆ ಬರುವ ಮುಂಚೆಯೇ, ಪಕ್ಕದಲ್ಲಿ ಹೆಂಡತಿ ನಿದ್ರಿಸುತ್ತಿದ್ದಾಗ, ಮುಂದೆ ಬರಬಹುದಾದ ಕಷ್ಟಗಳನ್ನು ನೆನೆನೆನೆದು ಎಷ್ಟೋ ರಾತ್ರಿ ಎಚ್ಚರವಾಗಿ ಕಳೆದಿದ್ದರು. ಹೆದರಿಕೆಯಿದ್ದೂ ನಿಂತದ್ದು ಅವರ ಹಿರಿಮೆ.

ಆಲಿಸ್ ಅಮ್ಮನವರಿಗೆ ಗಂಡನ ಹಟ ಅರ್ಥವೇ ಆಗಲಿಲ್ಲ. ಬುದ್ಧಿವಂತರೆನಿಸಿಕೊಂಡವರು ಚೆಲ್ಸಿಯ ಚಂದದ ಮನೆ, ಪುಸ್ತಕ, ತೋಟ, ಮಕ್ಕಳನ್ನು ಬಿಟ್ಟು ಈ ಕೊಳಕು ಕೋಣೆಯಲ್ಲಿ ಇಲಿ ಹೆಗ್ಗಣಗಳ ಜೊತೆ ಬಿದ್ದಿರುವುದೇಕೆಂದು ಗದರಿದರು. ಈ ಕೋಣೆಯೂ ನಮ್ಮ ಮನೆಯಷ್ಟೇ ಸ್ವರ್ಗಕ್ಕೆ ಹತ್ತಿರವಲ್ಲವೇ ಎಂದು ಮೋರ್ ಅವರು ಕೇಳಿದರೆ ಆಕೆಗೆ ಸಿಟ್ಟೇ ಬಂತು. ಆಕೆಯನ್ನು ಹಗುರವಾಗಿ ಕಾಣಬೇಡಿ. ಸೆರೆಯಲ್ಲಿ ಗಂಡ ಮತ್ತು ಅವರ ಸೇವಕನ ಊಟದ ಖರ್ಚಿಗೆ ವಾರಕ್ಕೆ 15 ಷಿಲಿಂಗ್ ಕಟ್ಟಬೇಕಾಗಿತ್ತು. ಅದಕ್ಕಾಗಿ ತನ್ನ ಬಟ್ಟೆಗಳನ್ನೇ ಮಾರಬೇಕಾಯಿತೆಂದು ಆಕೆ ಅರಸನ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಬರೆದ ಪತ್ರ ಉಳಿದಿದೆ. ಒಬ್ಬರ ಅಂತಃಸಾಕ್ಷಿಯ ಬೆಲೆಯನ್ನು ಮನೆಯವರೂ ತೆರಬೇಕಾಗುತ್ತದೆ. ಮೋರ್ ಅವರಿಗೆ ಇದು ತಿಳಿದಿತ್ತು, ಇದೇ ಅವರ ಶಿಲುಬೆಯ ಅತಿ ಭಾರವಾದ ಭಾಗವಾಗಿತ್ತು.

ಸುಳ್ಳುಸಾಕ್ಷಿಯಿಂದ ಸತ್ತ ಸತ್ಯವಂತ

1534ರ ಕೊನೆಗೆ ಅರಸನೇ ಇಂಗ್ಲೆಂಡಿನ ಧರ್ಮಸಭೆಯ ಶಿರಸ್ಸೆಂದು ಕಾನೂನಾಯಿತು. ಅದನ್ನು ದುರುದ್ದೇಶದಿಂದ ಬಾಯಿಮಾತಿನಲ್ಲಿ ನಿರಾಕರಿಸುವುದೂ ರಾಜದ್ರೋಹವೆಂದು ಇನ್ನೊಂದು ಕಾನೂನು ಬಂತು. ಮೋರ್ ಅವರು ವಕೀಲರಲ್ಲವೇ? ಸಾವನ್ನು ತಾವಾಗಿ ಬೆನ್ನಟ್ಟುವುದು ಅಹಂಕಾರವಾದೀತೆಂದು ಅವರು ಎಣಿಸಿದರು. ಆದ್ದರಿಂದ ಒಪ್ಪುತ್ತೇನೆಂದೂ ಹೇಳಲಿಲ್ಲ, ಒಪ್ಪುವುದಿಲ್ಲವೆಂದೂ ಹೇಳಲಿಲ್ಲ. ಕಾನೂನು ಮಾತನ್ನು ಶಿಕ್ಷಿಸಬಹುದು, ಮೌನವನ್ನು ಶಿಕ್ಷಿಸಲಾಗದು. ಬದುಕಲು ಸತ್ಯವಾದ ದಾರಿಗಳೆಷ್ಟಿದ್ದವೋ ಅಷ್ಟನ್ನೂ ಅವರು ಬಳಸಿಕೊಂಡರು. ಸುಳ್ಳಿನ ದಾರಿ ಒಂದನ್ನು ಮಾತ್ರ ತುಳಿಯಲಿಲ್ಲ.

1535ರ ಜೂನ್ 12ರಂದು ಅವರ ಪುಸ್ತಕಗಳನ್ನು ಕಿತ್ತುಕೊಳ್ಳಲು ಬಂದವರಲ್ಲಿ ರಿಚರ್ಡ್ ರಿಚ್ ಎಂಬ ಸರ್ಕಾರಿ ವಕೀಲನಿದ್ದನು. ಹತ್ತು ದಿನಗಳ ನಂತರ ಫಿಶರ್ ಅವರ ಶಿರಚ್ಛೇದವಾಯಿತು. ಜುಲೈ 1ರಂದು ಮೋರ್ ಅವರ ವಿಚಾರಣೆ ನಡೆಯಿತು. ನ್ಯಾಯಪೀಠದಲ್ಲಿ ಆನ್ ಬೊಲಿನ್‌ಳ ತಂದೆ, ಸಹೋದರ, ಸೋದರಮಾವ ಸಹ ಕುಳಿತಿದ್ದರು. ಪುಸ್ತಕ ಕಟ್ಟುವಾಗ ನಡೆದ ಮಾತುಕತೆಯಲ್ಲಿ ಮೋರ್ ಅವರು ಅರಸನ ಅಧಿಕಾರವನ್ನು ನಿರಾಕರಿಸಿದರೆಂದು ರಿಚ್ ಆಣೆಯಿಟ್ಟು ಸಾಕ್ಷಿ ಹೇಳಿದನು. ಅದೇ ಕೋಣೆಯಲ್ಲಿದ್ದ ಇನ್ನಿಬ್ಬರು ತಮಗೆ ಏನೂ ಕೇಳಿಸಲಿಲ್ಲವೆಂದು ನುಣುಚಿಕೊಂಡರು. ಆಣೆಗೆ ಹೆದರದ ಮನುಷ್ಯ ನಾನಾಗಿದ್ದರೆ ಇಂದು ಈ ಕಟಕಟೆಯಲ್ಲಿ ನಿಲ್ಲಬೇಕಾಗಿರಲಿಲ್ಲ ಎಂದು ಮೋರ್ ಅವರು ನ್ಯಾಯಾಲಯಕ್ಕೆ ನೆನಪಿಸಿದರು. ರಿಚ್ ಹೇಳಿದ್ದು ಸುಳ್ಳೆಂದೂ, ತನ್ನ ಸಾವಿಗಿಂತ ಅವನ ಸುಳ್ಳಾಣೆ ತನಗೆ ಹೆಚ್ಚು ದುಃಖ ತಂದಿದೆಯೆಂದೂ ಹೇಳಿದರು. ಜೂರಿಗಳಿಗೆ ಕಾಲು ಗಂಟೆ ಸಾಕಾಯಿತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಸುಳ್ಳು ಪ್ರಮಾಣ ಮಾಡಲು ಒಲ್ಲದ ಮನುಷ್ಯನನ್ನು ಕೊಂದದ್ದು ಇನ್ನೊಬ್ಬನ ಸುಳ್ಳು ಪ್ರಮಾಣ. ಲೋಕದ ಲೆಕ್ಕದಲ್ಲಿ ರಿಚ್ ಗೆದ್ದನು. 1547ರಲ್ಲಿ ಮೋರ್ ಅವರು ಬಿಟ್ಟುಬಂದ ಅದೇ ಮಹಾಮಂತ್ರಿಯ ಹುದ್ದೆಗೂ ಏರಿದನು. ಇಂದು ಅವನ ಹೆಸರನ್ನು ಜನ ನೆನೆಯುವುದು ಆ ಒಂದು ಆಣೆಗಾಗಿ.

ತೀರ್ಪಿನ ನಂತರವೇ ಮೋರ್ ಅವರು ಮೌನ ಮುರಿದರು. ಧರ್ಮಸಭೆಯ ಶಿರಸ್ಸಾಗುವ ಹಕ್ಕು ಯಾವ ಲೌಕಿಕ ಅರಸನಿಗೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ, ಸ್ತೆಫಾನನ ಕೊಲೆಗೆ ಸಮ್ಮತಿಸಿ ನಿಂತ ಪೌಲನೂ ಸ್ತೆಫಾನನೂ ಇಂದು ಸ್ವರ್ಗದಲ್ಲಿ ಗೆಳೆಯರಾಗಿರುವಂತೆ, ತನಗೆ ಮರಣದಂಡನೆ ಕೊಟ್ಟ ನ್ಯಾಯಾಧೀಶರೂ ತಾನೂ ಅಲ್ಲಿ ಸಂತೋಷದಿಂದ ಸೇರುವಂತಾಗಲಿ ಎಂದು ಹಾರೈಸಿದರು.

ಕೋಟೆಗೆ ಮರಳಿ ಕರೆತರುವಾಗ ಮಾರ್ಗರೆಟ್ ದಾರಿಯಲ್ಲಿ ಕಾದಿದ್ದಳು. ಈಟಿ ಹಿಡಿದ ಕಾವಲುಗಾರರ ನಡುವೆ ನುಗ್ಗಿ ಬಂದು ತಂದೆಯನ್ನು ತಬ್ಬಿಕೊಂಡಳು. ಹತ್ತು ಹೆಜ್ಜೆ ಹೋದವಳು ತಾಳಲಾರದೆ ಮತ್ತೆ ಓಡಿಬಂದು ಕೊರಳಿಗೆ ಬಿದ್ದಳು. ನೋಡುತ್ತಿದ್ದ ಜನರೂ ಅತ್ತರು. ಜುಲೈ 5ರಂದು ಇದ್ದಿಲಿನ ಚೂರಿನಿಂದ ಬರೆದ ಕೊನೆಯ ಪತ್ರದಲ್ಲಿ, ಲೋಕಮರ್ಯಾದೆಯನ್ನು ಲೆಕ್ಕಿಸದ ಆ ಅಪ್ಪುಗೆ ತನಗೆ ಬಹಳ ಹಿಡಿಸಿತೆಂದು ತಂದೆ ಮಗಳಿಗೆ ತಿಳಿಸಿದರು. ರೋಮದ ಅಂಗಿಯನ್ನೂ ಅವಳಿಗೇ ಕಳುಹಿಸಿಕೊಟ್ಟರು. ಮರುದಿನ, 1535ರ ಜುಲೈ 6ರಂದು, ಟವರ್ ಗುಡ್ಡದ ಮೇಲೆ ಅವರ ಶಿರಚ್ಛೇದವಾಯಿತು. ಲಂಡನ್ ಸೇತುವೆಯ ಮೇಲೆ ಸಿಕ್ಕಿಸಿದ್ದ ಆ ತಲೆಯನ್ನು ಸುಮಾರು ಒಂದು ತಿಂಗಳ ನಂತರ ಮಾರ್ಗರೆಟ್ ಪಡೆದುಕೊಂಡು ಜೋಪಾನ ಮಾಡಿದಳು. ಅದು ಕ್ಯಾಂಟರ್ಬರಿಯ ಸಂತ ಡನ್‌ಸ್ಟನ್ನರ ದೇವಾಲಯದಲ್ಲಿ, ರೋಪರ್ ಮನೆತನದ ಸಮಾಧಿಯಲ್ಲಿದೆ.

ನಮ್ಮ ಮನೆಗೆ ಒಂದು ಪ್ರಶ್ನೆ

1935ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಮೋರ್ ಮತ್ತು ಫಿಶರ್ ಇಬ್ಬರನ್ನೂ ಸಂತರೆಂದು ಘೋಷಿಸಿದರು. 2000ದಲ್ಲಿ ಮೋರ್ ಅವರು ರಾಜ್ಯವಾಳುವವರ, ರಾಜಕಾರಣಿಗಳ ಪಾಲಕ ಸಂತರಾದರು. ಆದರೆ ಅವರು ರಾಜಕಾರಣಿಗಳಿಗೆ ಮಾತ್ರ ಸೇರಿದವರಲ್ಲ, ಸಂಸಾರ ಹೊತ್ತ ಪ್ರತಿಯೊಬ್ಬರಿಗೂ ಸೇರಿದವರು.

ನಮ್ಮನ್ನು ಯಾರೂ ಟವರ್ ಕೋಟೆಗೆ ಹಾಕುವುದಿಲ್ಲ. ನಮ್ಮ ಮುಂದೆ ಬರುವುದು ಜಮೀನು ವ್ಯಾಜ್ಯದ ಸುಳ್ಳುಸಾಕ್ಷಿ, ಲಾಭಕ್ಕಾಗಿ ತಿದ್ದಿದ ವಯಸ್ಸು, ಮಾಡದ ಕೆಲಸಕ್ಕೆ ಬರೆದ ಬಿಲ್ಲು, ನೆರೆಯವನ ಮೇಲೆ ಹೊರಿಸಿದ ಸುಳ್ಳು ದೂರು. ಅಂಥ ದಿನ ಮೋರ್ ಅವರನ್ನು ನೆನೆಯಿರಿ. ಕೈಯಲ್ಲಿರುವ ಕಾಗದವನ್ನು ಪೂರ್ತಿ ಓದಿ. ಎಷ್ಟನ್ನು ಒಪ್ಪಬಹುದೋ ಅಷ್ಟನ್ನು ಒಪ್ಪಿ, ಹಟಕ್ಕಾಗಿ ಹಟ ಬೇಡ. ಸಹಿ ಮಾಡಿದವರನ್ನು ಹೀನಾಯವಾಗಿ ಕಾಣಬೇಡಿ, ಅವರ ಲೆಕ್ಕ ಅವರದು. ದೇವರೆದುರು ಹೇಳಲಾಗದ ಮಾತನ್ನು ಮಾತ್ರ ಯಾರ ಒತ್ತಾಯಕ್ಕೂ ಆಡಬೇಡಿ.

ಇನ್ನೊಂದು ಮಾತು ಮನೆಯವರಿಗೆ. ಸತ್ಯಕ್ಕಾಗಿ ನಷ್ಟ ಮಾಡಿಕೊಂಡು ನಿಮ್ಮ ಗಂಡನೋ ಹೆಂಡತಿಯೋ ಮಗನೋ ಮಗಳೋ ಒಂದು ಸಂಜೆ ಮನೆಗೆ ಬಂದರೆ, ನೀವು ಅವರಿಗೆ ಏನು ಹೇಳುವಿರಿ? ಮಾರ್ಗರೆಟ್ ತಂದೆಯೊಡನೆ ವಾದಿಸಿದಳು, ಅತ್ತಳು. ಆದರೆ ಅವರು ಒಪ್ಪದಿದ್ದಾಗ ಕೈಬಿಡಲಿಲ್ಲ, ಕಾವಲುಗಾರರ ನಡುವೆ ನುಗ್ಗಿ ಹೋಗಿ ಅಪ್ಪಿಕೊಂಡಳು. ಈ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಈ ಪ್ರಶ್ನೆಯನ್ನು ಮನೆಯವರ ಮುಂದಿಟ್ಟು ಮಾತನಾಡಿ ನೋಡಿ.